ನ್ಯಾಯಾಲಯದಲ್ಲಿ ಮಗುವಿನ ಕಡೆಯವರು

ತಂದೆತಾಯಿಗಳು ಮಗುವನ್ನು ಹೊಡೆದು ಬಡಿದು ಕಾಡುತ್ತಾರೆಂದೋ, ಹೊಟ್ಟೆಗೆ ಹಾಕದೆ ಬಿಟ್ಟಿದ್ದಾರೆಂದೋ ಸರ್ಕಾರ ಕೋರ್ಟಿಗೆ ಹೋಗುತ್ತದೆನ್ನಿ. ಸರ್ಕಾರಕ್ಕೆ ವಕೀಲರಿರುತ್ತಾರೆ. ತಂದೆತಾಯಿಗಳೂ ವಕೀಲರನ್ನಿಟ್ಟುಕೊಳ್ಳುತ್ತಾರೆ. ಆದರೆ ಯಾವ ಮಗುವಿಗಾಗಿ ಇಷ್ಟೆಲ್ಲ ನಡೆಯುವುದೋ ಅದರ ಕಡೆಯವರು ಯಾರು?

ಅಮೆರಿಕದ ಸಿಯಾಟಲ್ ನಗರದ ನ್ಯಾಯಾಧೀಶ ಡೇವಿಡ್ ಸೌಕಪ್ ಅವರನ್ನು 1976ರ ಸುಮಾರಿಗೆ ಈ ಪ್ರಶ್ನೆ ಬಹಳವಾಗಿ ಕಾಡಿತು. ಇಂಥ ಮಕ್ಕಳನ್ನು ಮನೆಗೆ ಕಳುಹಿಸಬೇಕೇ, ಬೇರೆಯವರ ಆಸರೆಯಲ್ಲಿ ಇಡಬೇಕೇ ಎಂದು ತೀರ್ಮಾನಿಸುವ ಹೊಣೆ ಅವರದು. ಮಗುವಿನ ವಿಷಯ ತಮಗೆ ಸಾಕಷ್ಟು ತಿಳಿಯದೆಯೇ ಅದರ ಬಾಳನ್ನು ನಿರ್ಧರಿಸುತ್ತಿದ್ದೇನಲ್ಲಾ ಎಂಬ ಕೊರಗು ಅವರಿಗಿತ್ತು. ಕೇಂದ್ರದ ಅನುದಾನ ಬೇಕಾದ ರಾಜ್ಯಗಳು ಇಂಥ ಮೊಕದ್ದಮೆಗಳಲ್ಲಿ ಮಗುವಿನ ಪರವಾಗಿ ಒಬ್ಬರನ್ನು ನೇಮಿಸಬೇಕೆಂದು 1974ರ ಕಾಯಿದೆ ಹೇಳಿತ್ತು. ಹೇಳುವುದು ಸುಲಭ, ಅಷ್ಟು ಬಿಡುವುಳ್ಳ ಜನ ಎಲ್ಲಿಂದ ಬರಬೇಕು? ಊರಿನವರನ್ನೇ ಕೇಳಿ ನೋಡೋಣವೆಂದು ಸೌಕಪ್ ಕೆಲವರನ್ನು ಮಧ್ಯಾಹ್ನದ ಬುತ್ತಿಯೂಟಕ್ಕೆ ಕರೆಸಿದರು. 50 ಮಂದಿ ಬಂದರಂತೆ! 1977ರಲ್ಲಿ ಕೆಲಸ ಮೊದಲಾಯಿತು. 1982ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೂ ಹುಟ್ಟಿತು.

ಈ ಸ್ವಯಂಸೇವಕರನ್ನು ಚಿಕ್ಕದಾಗಿ 'ಕಾಸಾ' ಎನ್ನುತ್ತಾರೆ. ಪೂರ್ಣ ಹೆಸರಿನಲ್ಲಿ 'ಅಡ್ವೊಕೇಟ್' ಎಂಬ ಮಾತಿದ್ದರೂ ಇವರು ಕರಿಕೋಟಿನವರಲ್ಲ. ಕಾನೂನು ಓದಿರಬೇಕಾದುದೂ ಇಲ್ಲ. ಪೂರ್ವಾಪರ ವಿಚಾರಿಸಿ ಆರಿಸಿದ ಮೇಲೆ ಸುಮಾರು 30 ಗಂಟೆಗಳ ತರಬೇತಿ. ಅನಂತರ ನ್ಯಾಯಾಧೀಶರ ನೇಮಕ. ಒಬ್ಬರಿಗೆ ಸಾಮಾನ್ಯವಾಗಿ ಒಂದೆರಡು ಮಕ್ಕಳು, ಇಲ್ಲವೇ ಒಂದೇ ಮನೆಯ ಒಡಹುಟ್ಟಿದವರು. ಅವರು ಮಗುವನ್ನು ಮೇಲಿಂದ ಮೇಲೆ ಹೋಗಿ ಕಾಣುತ್ತಾರೆ. ಹೆತ್ತವರೊಡನೆ, ಸಾಕುತ್ತಿರುವವರೊಡನೆ, ಶಾಲೆಯ ಮಾಸ್ತರರೊಡನೆ ಮಾತನಾಡಿ, ಕಂಡುದನ್ನೂ ತಮಗೆ ತೋರಿದುದನ್ನೂ ಬರೆದು ಕೋರ್ಟಿಗೆ ಒಪ್ಪಿಸುತ್ತಾರೆ.

ನಾನು ಹಗಲೆಲ್ಲ ಕಡತಗಳ ನಡುವೆ ಕೂರುವವನು. ಕಡತದಲ್ಲಿ ಹುಟ್ಟಿದ ತಾರೀಖು ಇರುತ್ತದೆ, ನಂಬರು ಇರುತ್ತದೆ. ದೀಪ ಆರಿಸಿದರೆ ಮಗು ಬೆಚ್ಚುತ್ತದೆ, ತಂಗಿಯನ್ನು ಬಿಟ್ಟು ಊಟಕ್ಕೆ ಕೂರುವುದಿಲ್ಲ ಎಂಬುದಕ್ಕೆ ಯಾವ ನಮೂನೆಯಲ್ಲೂ ಕಾಲಮ್ಮಿಲ್ಲ. ಅದನ್ನು ಮಗುವಿನ ಬಳಿ ಕೂತು ನೋಡಿದವರೇ ಬರೆಯಬೇಕು.

ಈ ಪದ್ಧತಿಗೆ ಟೀಕೆಯೂ ಇಲ್ಲದಿಲ್ಲ. ಸೇವೆಗೆ ಬರುವವರಲ್ಲಿ ಅನುಕೂಲಸ್ಥ ಬಿಳಿಯರೇ ಹೆಚ್ಚು. ಅವರು ಅಳೆಯುವುದು ಹೆಚ್ಚಾಗಿ ಬಡವರ ಸಂಸಾರವನ್ನು. ಹರಕು ಹಾಸಿಗೆಯನ್ನು ಕಂಡೊಡನೆ ತಾಯಿಗೆ ಅಕ್ಕರೆಯಿಲ್ಲವೆಂದು ಬರೆದುಬಿಟ್ಟರೆ ಗತಿಯೇನು? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಕಾಸಾ ಇಲ್ಲ. ಅದಕ್ಕೆ ಸಮೀಪವಾದ ಏರ್ಪಾಡು ಇರುವುದು ಬೇರೊಂದು ಬಗೆಯ ಮೊಕದ್ದಮೆಯಲ್ಲಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲು 2012ರಲ್ಲಿ ಆದ ಪೋಕ್ಸೊ ಕಾಯಿದೆಯಲ್ಲಿ, ಮಗುವಿನ ಮತ್ತು ಹಿರಿಯರ ಒಪ್ಪಿಗೆ ಪಡೆದು ಮಕ್ಕಳ ಕಲ್ಯಾಣ ಸಮಿತಿಯು ಒಬ್ಬ 'ಬೆಂಬಲ ವ್ಯಕ್ತಿ'ಯನ್ನು ಕೊಡಬಹುದು. ತನಿಖೆಯಿಂದ ವಿಚಾರಣೆಯವರೆಗೆ ಇವರು ಮಗುವಿನ ಜೊತೆಗಿರುತ್ತಾರೆ. ಇವರಿಗೆ ವಿದ್ಯಾರ್ಹತೆ ಅನುಭವಗಳು ಬೇಕು. ತಕ್ಕ ಸಂಭಾವನೆಯೂ ಇರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಶೇಷ ನ್ಯಾಯಾಲಯದಲ್ಲಿ ವಕೀಲರು ನೇರವಾಗಿ ಮಗುವನ್ನು ಪ್ರಶ್ನಿಸುವಂತಿಲ್ಲ; ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವಿಗೆ ನಂಬಿಕೆಯಿರುವ ಬಂಧುವೋ ಸ್ನೇಹಿತರೋ ಬಳಿಯಲ್ಲಿರಲೂ ಅವಕಾಶವುಂಟು.

ಹೊರನಾಡಿನಲ್ಲಿರುವ ನಾವು ಗಮನಿಸಬೇಕಾದುದು ಅದೇ ಕಾಯಿದೆಯ 38ನೆಯ ಕಲಮನ್ನು. ಮಗುವಿನ ಸಾಕ್ಷ್ಯ ಬರೆದುಕೊಳ್ಳುವಾಗ ಅಗತ್ಯವಿದ್ದರೆ ಕೋರ್ಟು ಭಾಷಾಂತರಕಾರರ ನೆರವು ಪಡೆಯಬಹುದು. ಇವರ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟಿರಬೇಕೆಂದು 2020ರ ನಿಯಮಗಳು ಹೇಳುತ್ತವೆ. ಮಗುವಿನ ಭಾಷೆಯೂ ಆ ರಾಜ್ಯದ ಭಾಷೆಯೂ ಬಳಕೆಯಲ್ಲಿರಬೇಕು. ಮಾತೃಭಾಷೆಯಾಗಿಯೋ ಆ ಸೀಮೆಯಲ್ಲಿ ವಾಸವಾಗಿದ್ದೋ ಕಲಿತಿದ್ದರೂ ಆದೀತು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ತಮಿಳು, ತೆಲುಗು ಆಡುವ ನಮ್ಮ ಸಂಘದ ಎಷ್ಟು ಜನ ಇದಕ್ಕೆ ಒದಗುವುದಿಲ್ಲ? ಪಕ್ಷಪಾತವಿರಬಾರದು, ಮಗು ಆಡಿದುದಕ್ಕೆ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.

ಮಾತು ತಪ್ಪುವುದು ಎಷ್ಟು ಸುಲಭವೆಂಬುದಕ್ಕೆ ಒಂದು ಉದಾಹರಣೆ. ಹಳೆಯ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ತಂದೆಯನ್ನು 'ಅಣ್ಣ' ಎನ್ನುವ ರೂಢಿಯುಂಟು. ಪೂರ್ಣಚಂದ್ರ ತೇಜಸ್ವಿಯವರ 'ಅಣ್ಣನ ನೆನಪು' ತಂದೆ ಕುವೆಂಪು ಅವರನ್ನು ಕುರಿತದ್ದೆಂದು ಓದಿದವರೆಲ್ಲ ಬಲ್ಲರು. ಊರಿನಿಂದ ಹೊಸದಾಗಿ ಬಂದ ಅಂಥ ಮನೆಯ ಮಗುವೊಂದು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ, ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದವರು ಯಾರೆಂದು ಕೇಳಿದಾಗ, "ಅಣ್ಣ" ಎಂದಿತೆನ್ನಿ. ಬರೆದುಕೊಳ್ಳುವವರು 'ಹಿರಿಯ ಸೋದರ' ಎಂದು ಬರೆದುಕೊಳ್ಳುತ್ತಾರೆ.