ಉಪ್ಪು ಬಕೆಟ್ಟಿಗೆ, ಹೊಂಡಕ್ಕಲ್ಲ



ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟರೆ ಏನಾಗುತ್ತದೆ? ಮಿಡಿ ನೀರು ಬಿಡುತ್ತದೆ. ಮುದುಡುತ್ತದೆ. ಇದು ನಮಗೆಲ್ಲ ಗೊತ್ತು. ಉಪ್ಪಿಗೆ ನೀರು ಎಳೆಯುವ ಗುಣ ಇದೆ. ಇದೇ ಗುಣ ಮೀನಿಗೆ ಔಷಧಿಯೂ ಆಗುತ್ತದೆ. ಹೇಗೆ ಅಂತ ನೋಡೋಣ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ಹೊಂಡದಲ್ಲಿ ಮೀನು ಸಾಕುವವರಿದ್ದಾರೆ. ಕಾಟ್ಲಾ, ರೋಹು, ಗೆಂಡೆ ಮರಿ ತಂದು ಬಿಡುತ್ತಾರೆ. ಬಿ.ಆರ್. ಪ್ರಾಜೆಕ್ಟಿನಲ್ಲಿ ಸರ್ಕಾರದ ಮೀನುಮರಿ ಕೇಂದ್ರ ಇದೆ. ಅಲ್ಲಿಂದ ನಮ್ಮೂರಿಗೆ ದಾರಿ ದೂರ. ಚೀಲದೊಳಗೆ ಮರಿಗಳು ಒಂದಕ್ಕೊಂದು ಉಜ್ಜುತ್ತವೆ. ಮೈಯ ಲೋಳೆ ಹೋಗಿ ಗಾಯ ಆಗುತ್ತದೆ. ಗಾಯದ ಮೇಲೆ ಹತ್ತಿಯಂಥ ಬೂಷ್ಟು ಬರುತ್ತದೆ. ಸಣ್ಣ ಹುಳುಗಳು ಅಂಟುತ್ತವೆ. ಮರಿಗಳು ಸತ್ತು ತೇಲುತ್ತವೆ. ಕೊಟ್ಟ ದುಡ್ಡು ನೀರುಪಾಲು.

"ಹಾಗಾದ್ರೆ ಹೊಂಡಕ್ಕೇ ಉಪ್ಪು ಹಾಕ್ಲಾ?" ಅಂತ ನೀವು ಕೇಳಬಹುದು. ಬೇಡ. ಲೆಕ್ಕ ಮಾಡೋಣ. ಹೊಂಡ 10 ಮೀಟರ್ ಉದ್ದ, 10 ಮೀಟರ್ ಅಗಲ. ನೀರು ಒಂದೂವರೆ ಮೀಟರ್ ಆಳ. ಅಂದ್ರೆ 1,50,000 ಲೀಟರ್ ನೀರು. ಲೀಟರಿಗೆ 1 ಗ್ರಾಂ ಅಂದ್ರೂ 150 ಕಿಲೋ ಉಪ್ಪು ಬೇಕು! ಒಂದು ಬೊಗಸೆ ಹಾಕಿದರೆ ಏನೂ ಆಗದು. ಮೂಟೆಗಟ್ಟಲೆ ಹಾಕಿದರೆ ಆ ನೀರೇ ಅಡಿಕೆ ತೋಟಕ್ಕೂ ಹೋಗುತ್ತದೆ. ಮಣ್ಣು ಕೆಡುತ್ತದೆ.

ಅದಕ್ಕೇ ಉಪ್ಪು ಬಕೆಟ್ಟಿಗೆ. ಹೀಗೆ ಮಾಡಿ:

1. ಚೀಲದ ಬಾಯಿ ಬಿಚ್ಚದೆ ಹೊಂಡದಲ್ಲಿ 15-20 ನಿಮಿಷ ತೇಲಿಬಿಡಿ. ಒಳಗಿನ ನೀರು, ಹೊರಗಿನ ನೀರು ಒಂದೇ ತಂಪಾಗಲಿ.

2. ಬಕೆಟ್ಟಿಗೆ ಹೊಂಡದ ನೀರು 10 ಲೀಟರ್ ಹಾಕಿ. 200 ಗ್ರಾಂ ಉಪ್ಪು ಪೂರ್ತಿ ಕರಗಿಸಿ. ತಕ್ಕಡಿ ಇಲ್ಲವೇ? ಒಂದು ಕಿಲೋ ಉಪ್ಪನ್ನು ಐದು ಸಮಪಾಲು ಮಾಡಿ. ಒಂದು ಪಾಲು ಸಾಕು.

3. ಸ್ವಲ್ಪ ಸ್ವಲ್ಪ ಮರಿಗಳನ್ನು ಬಲೆಬಟ್ಟೆಯಲ್ಲಿ ಹಿಡಿದು ಮುಳುಗಿಸಿ. ಒಂದರಿಂದ ಎರಡು ನಿಮಿಷ ಮಾತ್ರ. ಮರಿ ಮಗ್ಗುಲಾದರೆ ಕೂಡಲೇ ತೆಗೆಯಿರಿ.

4. ತಡಮಾಡದೆ ಹೊಂಡಕ್ಕೆ ಬಿಡಿ. ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ, ಬಾವಿಯ ಹತ್ತಿರ ಚೆಲ್ಲಬೇಡಿ.

ಎರಡೇ ನಿಮಿಷ ಯಾಕೆ? ಮೈಗೆ ಅಂಟಿದ ಹುಳು ಬಹಳ ಸಣ್ಣದು. ಉಪ್ಪು ಅದರ ನೀರನ್ನು ಬೇಗ ಎಳೆಯುತ್ತದೆ. ಮಿಡಿಯಂತೆ ಅದು ಮೊದಲು ಮುದುಡುತ್ತದೆ. ಮೀನು ದೊಡ್ಡದು, ಸ್ವಲ್ಪ ಹೊತ್ತು ತಡೆಯುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಅದೂ ಉಳಿಯದು.

ಮನೆಯಲ್ಲಿ ಮಕ್ಕಳು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಾರಾ? ಅಲ್ಲಿ ಮೀನು ದಿನವಿಡೀ ಇರುತ್ತದೆ. ಹಾಗಾಗಿ ಉಪ್ಪು ತೀರಾ ಕಡಿಮೆ ಸಾಕು. ಮೀನು ಸೊರಗಿದಾಗ 10 ಲೀಟರಿಗೆ 10 ಗ್ರಾಂ, ಅಂದ್ರೆ ಎರಡು ಟೀ ಚಮಚ. ನೀರು ಆರುತ್ತದೆ, ಉಪ್ಪು ಆರದು. ಆರಿದಷ್ಟು ಬರೀ ನೀರು ತುಂಬಿ. ಮತ್ತೆ ಉಪ್ಪು ಹಾಕಬೇಡಿ.

ಈಗ ನಮಗೆ ಬರೆಯಲು ಬರುತ್ತದೆ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸೋಣ:

10 ಲೀಟರ್ ನೀರು. 200 ಗ್ರಾಂ ಉಪ್ಪು. 2 ನಿಮಿಷ.