ಸ್ಟೇಷನರಿ ಮೇಳ: ಪರಿಚಯ ವ್ಯವಹಾರವಾಗುವುದು ಹೇಗೆ?

ಲೇಖನ ಸಾಮಗ್ರಿಗಳ ವ್ಯಾಪಾರ ನಿಂತಿರುವುದು ಉದ್ರಿಯ ಮೇಲೆ. ತಯಾರಕರು ಸಗಟು ವ್ಯಾಪಾರಿಗೆ, ಸಗಟು ವ್ಯಾಪಾರಿ ಚಿಲ್ಲರೆ ಅಂಗಡಿಗೆ, ಅಂಗಡಿಯವರು ಶಾಲೆಗಳಿಗೆ ಸಾಲದ ಮೇಲೆ ಸರಕು ಕೊಡುವುದು ಇಲ್ಲಿ ವಾಡಿಕೆ. ರಾಜ್ಯದಲ್ಲಿ ಶಾಲೆಗಳು ಆರಂಭವಾಗುವ ಜೂನ್ ಹೊತ್ತಿಗೆ ನೋಟ್‌ಪುಸ್ತಕಗಳು ಅಂಗಡಿ ಸೇರದಿದ್ದರೆ ಅಂತಹ ಹಂಗಾಮು ಮತ್ತೆ ಬರುವುದು ಮರುವರ್ಷವೇ. ಹೀಗಾಗಿ ಈ ಉದ್ಯಮದ ವಾಣಿಜ್ಯ ಮೇಳಕ್ಕೆ ಹೋಗುವ ವ್ಯಾಪಾರಿ ಹುಡುಕಬೇಕಾದದ್ದು ಹೇಳಿದ ದಿನಕ್ಕೆ ಸರಕು ಕಳುಹಿಸುವವರನ್ನು. ತಯಾರಕರು ಹುಡುಕಬೇಕಾದದ್ದು ಹೇಳಿದ ದಿನಕ್ಕೆ ಹಣ ಕೊಡುವವರನ್ನು.

ಭಾರತದಲ್ಲಿ ಈ ಕ್ಷೇತ್ರದ ಪ್ರಮುಖ ಮೇಳಗಳಲ್ಲಿ ಮುಂಬೈಯ ಪೇಪರ್‌ವರ್ಲ್ಡ್ ಇಂಡಿಯಾ ಒಂದು. ಜರ್ಮನಿಯ ಮೆಸ್ಸೆ ಫ್ರಾಂಕ್‌ಫರ್ಟ್ ಸಮೂಹ ಇದರ ಹಿಂದಿದೆ. ಆದರೆ ಇದಕ್ಕೆ ಹೆಸರು ಕೊಟ್ಟ ಫ್ರಾಂಕ್‌ಫರ್ಟ್‌ನ ಮೇಳವೇ 2020ರ ಬಳಿಕ ಪ್ರತ್ಯೇಕವಾಗಿ ನಡೆದಿಲ್ಲ. ಕೋವಿಡ್ ಕಾಲದಲ್ಲಿ ರದ್ದಾದ ಅದರ ವಸ್ತುಗಳಿಗೆ 2023ರಿಂದ ಆಂಬಿಯೆಂಟೆ ಮೇಳದಲ್ಲಿ ಜಾಗ ಕಲ್ಪಿಸಲಾಗಿದೆ. ಮೇಳ ನಿಂತರೂ ಉಳಿಯುವುದು ಅಲ್ಲಿ ಕುದುರಿದ ಸಂಬಂಧಗಳು ಮಾತ್ರ.

ಹಳೆಯ ಸಂಬಂಧ ಕೆಡದಿರಲಿ

ತಯಾರಿಕಾ ಸಂಸ್ಥೆಗಳು ಸಾಮಾನ್ಯವಾಗಿ ಪ್ರದೇಶಕ್ಕೊಬ್ಬ ವಿತರಕರನ್ನು ನೇಮಿಸಿರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಸಗಟು ಮಳಿಗೆಯಿಂದ ವರ್ಷಗಳಿಂದ ಸರಕು ತರುತ್ತಿರುವ ಜಿಲ್ಲಾ ಕೇಂದ್ರದ ಅಂಗಡಿಯವರು ಮೇಳದಲ್ಲಿ ತಯಾರಕರೊಂದಿಗೆ ನೇರವಾಗಿ ದರ ಕುದುರಿಸಿದರೆ ಹಳೆಯ ಸಗಟು ವ್ಯಾಪಾರಿ ಮುನಿಸಿಕೊಳ್ಳುವುದು ಸಹಜ. ಕಷ್ಟಕಾಲದಲ್ಲಿ ಉದ್ರಿ ಕೊಡುವವರು ಅವರೇ. ಆದ್ದರಿಂದ ‘ನಮ್ಮ ಜಿಲ್ಲೆಗೆ ನಿಮ್ಮ ವಿತರಕರು ಯಾರು?’ ಎಂಬುದು ಮೊದಲ ಪ್ರಶ್ನೆಯಾಗಬೇಕು. ವಿತರಕರಿಲ್ಲದ ಪ್ರದೇಶವಾದರೆ ಮಾತುಕತೆಗೆ ದಾರಿ ಸುಗಮ.

ಎರಡನೆಯದು ಸರಕಿನ ವಿಚಾರ. ಕಾಗದ ಎಷ್ಟು ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕದ್ದು? ಪುಟಗಳ ಲೆಕ್ಕದಲ್ಲಿ ರಕ್ಷಾಪುಟವೂ ಸೇರಿದೆಯೇ? ಕನಿಷ್ಠ ಎಷ್ಟು ಪೆಟ್ಟಿಗೆ ಕೊಳ್ಳಬೇಕು? ಒದ್ದೆಯಾದ, ಹರಿದ ಮಾಲನ್ನು ಮರಳಿ ಪಡೆಯುತ್ತಾರೆಯೇ? ಲಾರಿ ಬಾಡಿಗೆ ಯಾರದು? ಮಳಿಗೆಯಲ್ಲಿ ಇವಕ್ಕೆ ನೇರ ಉತ್ತರ ಕೊಡುವವರೊಂದಿಗೆ ವ್ಯವಹಾರ ಮುಂದುವರಿಸಬಹುದು.

ತೆರಿಗೆಯ ಮಾತನ್ನೂ ಅಲ್ಲಿಯೇ ಆಡಿ ಮುಗಿಸುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಪೆನ್ಸಿಲ್, ರಬ್ಬರ್ ಮತ್ತು ಶಾರ್ಪನರ್‌ಗಳ ಮೇಲಿನ ಜಿಎಸ್‌ಟಿ ಶೂನ್ಯಕ್ಕಿಳಿದಿದೆ. ವಿನಾಯಿತಿ ಪಡೆದ ಸರಕಿಗೆ ಬಳಸಿದ ಕಚ್ಚಾವಸ್ತುಗಳ ಮೇಲೆ ಕಟ್ಟಿದ ತೆರಿಗೆಯನ್ನು ತಯಾರಕರು ಮರಳಿ ಪಡೆಯಲಾಗದು. ಈ ಹೊರೆ ದರದಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯಬೇಕು.

45 ದಿನಗಳ ಗಡುವು

ಪಾವತಿಯ ಬಗ್ಗೆ ಬಾಯಿಮಾತು ಸಾಲದು. ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ತಯಾರಕರಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲವಾದರೆ 15 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕಟ್ಟಬೇಕಾಗುತ್ತದೆ. 2023-24ನೇ ಹಣಕಾಸು ವರ್ಷದಿಂದ, ಗಡುವು ಮೀರಿದ ಬಾಕಿಯನ್ನು ತೀರಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಜೂನ್‌ನಲ್ಲಿ ಮಾರಿ ಆಗಸ್ಟ್‌ನಲ್ಲಿ ಹಣ ಕಾಣುವ ಅಂಗಡಿಯವರು ಏಪ್ರಿಲ್‌ನಲ್ಲೇ ಮಾಲು ತರಿಸಿಕೊಂಡರೆ ಈ ಗಡುವು ಕಟ್ಟಿಹಾಕುತ್ತದೆ. ಹೀಗಾಗಿ ಸರಕನ್ನು ಎರಡು ಮೂರು ಕಂತುಗಳಲ್ಲಿ ಕಳುಹಿಸುವಂತೆ ಮೇಳದಲ್ಲೇ ಕೇಳುವುದು ಜಾಣತನ.

ಮೇಳ ಮುಗಿದ ಬಳಿಕ

ವಿಸಿಟಿಂಗ್ ಕಾರ್ಡುಗಳ ಕಟ್ಟು ಮೇಜಿನ ಖಾನೆ ಸೇರಿದರೆ ಹೋಗಿಬಂದ ಖರ್ಚು ವ್ಯರ್ಥ. ಪ್ರತಿ ಕಾರ್ಡಿನ ಹಿಂದೆ ಅಂದೇ ಆಡಿದ ಮಾತು, ಹೇಳಿದ ದರ ಬರೆದಿಡಬೇಕು. ವಾರದೊಳಗೆ ಅದನ್ನೇ ಉಲ್ಲೇಖಿಸಿ ಪತ್ರ ಅಥವಾ ಸಂದೇಶ ಕಳುಹಿಸಿದರೆ ಎದುರಿನವರಿಗೂ ನೆನಪು ಹಸಿರಾಗಿರುತ್ತದೆ, ಮುಂದೆ ತಕರಾರು ಬಂದರೆ ದಾಖಲೆಯೂ ಆಗುತ್ತದೆ. ಆನಂತರ ಸಣ್ಣದೊಂದು ಆರ್ಡರ್ ಕೊಟ್ಟು, ಬಂದ ಮಾಲನ್ನು ಮೇಳದಲ್ಲಿ ಪಡೆದ ಮಾದರಿಯೊಂದಿಗೆ ಹೋಲಿಸಿ ನೋಡಿ, ಹಣವನ್ನು ಗಡುವಿಗೆ ಮೊದಲೇ ತೀರಿಸಬೇಕು. ಹೀಗೆ ನಡೆದುಕೊಂಡ ಅಂಗಡಿಯವರು ಮೇ ತಿಂಗಳಲ್ಲಿ ಮಾಲಿನ ಅಭಾವ ತಲೆದೋರಿದಾಗ ಫೋನ್ ಮಾಡಿದರೆ, ಮೊದಲ ಲಾರಿ ಅವರ ಊರಿಗೆ ಹೊರಡುವ ಸಂಭವ ಹೆಚ್ಚು.