ಪೆಗ್ಗು ಮೂರು, ಪ್ರಾಸ ಎಷ್ಟು?

ರಸಿಕರೇ, 2016ರಲ್ಲಿ ಚಂದನ್ ಶೆಟ್ಟಿಯವರ ‘3 ಪೆಗ್’ ಬಂದಾಗ ಸೇಡಂ ಬಸ್ಸಿನೊಳಗೆ ತಲೆ ಕುಣಿಸಿದವರಲ್ಲಿ ನಾನೂ ಒಬ್ಬ. ತಾಳ ಭರ್ಜರಿ! ಆದ್ರೆ ಹತ್ತು ಸಲ ಕೇಳಿದ ಮೇಲೆ ಉಳಿಯೋದು ಬರೀ ಗ್ಲಾಸಿನ ಸದ್ದು. ನನಗೆ ಆಲ್ ಓಕೆ ಅವರ ರ‍್ಯಾಪೇ ಮೇಲು. ಇಬ್ಬರದೂ ಬೆಂಗಳೂರು ಕಡೆಯ ಮಾತು, ಅದೇ ನನ್ನ ತಕರಾರು.

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಹುಡುಗರು ಹಿಪ್-ಹಾಪ್ ಶುರುಮಾಡಿದ್ದು ತಮ್ಮ ಓಣಿಯ ಮಾತಿನಲ್ಲೇ. ನಮ್ಮ ಮಳಖೇಡಕ್ಕೇನು ಕಡಿಮೆ ಸ್ವಾಮಿ? ಪ್ರಾಸದ ಪಾಠ ಹೇಳಿದ 9ನೇ ಶತಮಾನದ ‘ಕವಿರಾಜಮಾರ್ಗ’ ಇಲ್ಲಿ ಆಳಿದ ನೃಪತುಂಗನ ಆಸ್ಥಾನದ್ದು! ಹಳಬರ ಪ್ರಾಸ ಸಾಲಿನ ಎರಡನೇ ಅಕ್ಷರಕ್ಕೆ, ರ‍್ಯಾಪಿನದು ಸಾಲಿನ ಕೊನೆಗೆ. ಅಷ್ಟೇ ಫರಕು.

ಮೊನ್ನೆ ಕಾಗಿಣಾ ಹೊಳೆ ದಂಡಿಗೆ ಕೂತು ಗೆಳೆಯನೊಬ್ಬ ಸಿಮೆಂಟ್ ಧೂಳಿನ ಮೇಲೆ ಎಂಟು ಸಾಲು ಹೊಡೆದ. ಮೈ ಜುಮ್ಮೆಂದಿತು!

“ರೆಕಾರ್ಡ್ ಮಾಡಲೇ.”

“ನಮ್ ಮಾತ್ ಕೇಳಿ ಮಂದಿ ನಗ್ತಾರಲೇ.”

“ನಗ್ಲಿ ಬಿಡು,” ಅಂದು ಮೊಬೈಲ್ ತೆಗೆದೆ.